ಕ್ಯಾಮೆರಾ ಮಾರುವ ಮುನ್ನ ಕಣ್ಣು ತೋರಿಸಿ

“ಡಾಕ್ಟ್ರೇ, ಇದು ಔಷಧಿಯ ವಿಷಯವಲ್ಲ. ಆದರೂ ನಿಮ್ಮನ್ನೇ ಒಂದು ಮಾತು ಕೇಳೋಣ ಅಂತ ಬಂದೆ” ಎಂದರು ಮೇಷ್ಟ್ರು. ಶಿವಮೊಗ್ಗದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ವಯಸ್ಸು 68. ತಿಂಗಳಿಗೊಮ್ಮೆ ರಕ್ತದೊತ್ತಡ ನೋಡಿಸಲು ಬರುವವರು ಆ ಸಲ ಹದಿನೈದೇ ದಿನಕ್ಕೆ ಬಂದಿದ್ದರು. ಸದಾ 130ರ ಆಸುಪಾಸಿನಲ್ಲಿರುತ್ತಿದ್ದ ಮೇಲಿನ ಒತ್ತಡ ಅಂದು 160 ದಾಟಿತ್ತು. ಮಾತ್ರೆ ತಪ್ಪಿಸಿರಲಿಲ್ಲ, ಉಪ್ಪಿನಕಾಯಿ ಹೆಚ್ಚಿಸಿರಲಿಲ್ಲ. ರಾತ್ರಿ ನಿದ್ದೆ ಮಾತ್ರ ಬರುತ್ತಿರಲಿಲ್ಲ. ಕಾರಣ, ಬೀರುವಿನಲ್ಲಿದ್ದ ಒಂದು ಕ್ಯಾಮೆರಾ!

ಅದು ನಿಕಾನ್ ಎಫ್‌ಎಂ-2. ಜೊತೆಗೆ ಮೂರು ಲೆನ್ಸು, ಒಂದು ಟ್ರೈಪಾಡು. 1980ರ ದಶಕದ ಕೊನೆಯಲ್ಲಿ ಭವಿಷ್ಯನಿಧಿಯಿಂದ ಸಾಲ ತೆಗೆದು ಕೊಂಡದ್ದು. ಮಳೆಗಾಲ ಬಂತೆಂದರೆ ಮೇಷ್ಟ್ರು ಮಂಡಗದ್ದೆಗೆ ಹೊರಟರೆಂದೇ ಲೆಕ್ಕ. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವುದು ಆಗಲೇ. ಅಂಥ ಕ್ಯಾಮೆರಾ ಆರೇಳು ವರ್ಷಗಳಿಂದ ಚೀಲ ಬಿಟ್ಟು ಹೊರಗೆ ಬಂದಿರಲಿಲ್ಲ. ಬೆಂಗಳೂರಿನಲ್ಲಿರುವ ಮಗ ಫೋನ್ ಮಾಡಿ, “ಅಪ್ಪಾ, ಈಗಿನ ಹುಡುಗರಿಗೆ ಮತ್ತೆ ಫಿಲಂ ಕ್ಯಾಮೆರಾದ ಹುಚ್ಚು ಹಿಡಿದಿದೆ. ನನ್ನ ಸ್ನೇಹಿತನೇ ಕೇಳ್ತಿದ್ದಾನೆ, ಒಳ್ಳೆ ಬೆಲೆ ಕೊಡ್ತಾನೆ, ಕೊಟ್ಟುಬಿಡಿ” ಎಂದಿದ್ದ. ಮೇಷ್ಟ್ರು ಆಗಲಿ ಎಂದರು. ಮಾರನೆಯ ದಿನ ಬೇಡ ಎಂದರು. ಮೂರನೆಯ ದಿನ ಮತ್ತೆ ಆಗಲಿ!

“ಇಟ್ಟರೆ ಬೂಷ್ಟು ಹಿಡಿದು ಹಾಳಾಗುತ್ತೆ. ಕೊಟ್ಟರೆ ಆಮೇಲೆ ಯಾಕಾದರೂ ಕೊಟ್ಟೆನೋ ಅಂತ ಹೊಟ್ಟೆ ಉರಿಯುತ್ತೆ. ನೀವಾದರೆ ಏನು ಮಾಡ್ತಿದ್ರಿ?”

ನಾನು ಬೇರೆಯದನ್ನೇ ಕೇಳಿದೆ: “ಫೋಟೋ ತೆಗೆಯೋದನ್ನ ಬಿಟ್ಟದ್ದು ಯಾಕೆ ಮೇಷ್ಟ್ರೇ?”

ಫಿಲಂ ಸಿಗುವುದಿಲ್ಲ, ತೊಳೆಸಲು ಬೆಂಗಳೂರಿಗೇ ಕಳಿಸಬೇಕು ಎಂದೆಲ್ಲ ಹೇಳಿದರು. ಆಮೇಲೆ ಕೊಂಚ ಸಂಕೋಚದಿಂದಲೇ ಇನ್ನೊಂದು ಸಂಗತಿ ತಿಳಿಸಿದರು. ನಿವೃತ್ತಿಯ ನಂತರ ಉತ್ಸಾಹದಿಂದ ಎರಡು ರೋಲು ತೆಗೆದಿದ್ದರಂತೆ. ಎಲ್ಲ ಚಿತ್ರಗಳೂ ಮಸುಕು. ಲೆನ್ಸು ಕೆಟ್ಟಿರಬೇಕೆಂದು ಎತ್ತಿಟ್ಟರು. ಸಂಜೆಯ ಮೇಲೆ ಸ್ಕೂಟರ್ ಓಡಿಸುವುದನ್ನೂ ಬಿಟ್ಟಿದ್ದಾರೆ, ಎದುರಿನ ವಾಹನದ ದೀಪ ಕಣ್ಣಿಗೆ ರಾಚುತ್ತದೆ.

ಎಡಗಣ್ಣು ಮುಚ್ಚಿಕೊಂಡು ಗೋಡೆಯ ಕ್ಯಾಲೆಂಡರ್ ಓದಲು ಹೇಳಿದೆ. ತಿಂಗಳ ಹೆಸರೂ ಕಾಣಲಿಲ್ಲ. ಬಲಗಣ್ಣಿಗೆ ಟಾರ್ಚ್ ಹಿಡಿದರೆ ಪಾಪೆಯ ಹಿಂದೆ ಬೂದು ಬಣ್ಣ. ಕೆಟ್ಟಿದ್ದ ಲೆನ್ಸು ಚೀಲದೊಳಗಿನದಲ್ಲ.

ಪೊರೆ ಬಂದದ್ದು ತಿಳಿಯದೇ ಹೋಗುವುದೇಕೆ?

ನಮ್ಮ ಕಣ್ಣಿನ ಮಸೂರ ನೀರು ಮತ್ತು ಪ್ರೋಟೀನುಗಳಿಂದಾದದ್ದು. ವಯಸ್ಸಾದಂತೆ ಈ ಪ್ರೋಟೀನುಗಳು ಗುಂಪುಗೂಡಿ ಮಸೂರವನ್ನು ಮಬ್ಬಾಗಿಸುತ್ತವೆ. ಇದೇ ಕಣ್ಣಿನ ಪೊರೆ. ಸಕ್ಕರೆ ಕಾಯಿಲೆ, ಧೂಮಪಾನ, ಬಹುಕಾಲದ ಸ್ಟೀರಾಯ್ಡ್ ಸೇವನೆ, ಕಣ್ಣಿಗೆ ಬಿದ್ದ ಪೆಟ್ಟು ಇದನ್ನು ಬೇಗ ತರಬಲ್ಲವು. ನೋವಿಲ್ಲ, ಕೆಂಪಿಲ್ಲ. ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಒಂದು ಕಣ್ಣಿನಲ್ಲಿ ಮುಂದಾಗಿ ಬೆಳೆದರಂತೂ ಇನ್ನೊಂದು ಕಣ್ಣು ಅದರ ಕೆಲಸವನ್ನೂ ಮಾಡಿಕೊಂಡು ಹೋಗುತ್ತದೆ. ಪತ್ರಿಕೆ ಓದುವಾಗ, ಊಟ ಮಾಡುವಾಗ ಎರಡು ಕಣ್ಣೂ ತೆರೆದಿರುತ್ತವಲ್ಲ! ಆದರೆ ಕ್ಯಾಮೆರಾದ ಕಿಂಡಿಗೆ ಒಂದೇ ಕಣ್ಣು. ಮೇಷ್ಟ್ರ ಬಲಗಣ್ಣಿನ ಗುಟ್ಟು ರಟ್ಟಾದದ್ದು ಅಲ್ಲಿಯೇ. ಅವರು ದೋಷವನ್ನು ಕ್ಯಾಮೆರಾದ ಮೇಲೆ ಹಾಕಿದರು, ಅಷ್ಟೆ.

ಪೊರೆ “ಬಲಿಯುವ”ವರೆಗೆ ಕಾಯಬೇಕೆಂಬುದು ಹಳೆಯ ಮಾತು. ದಿನನಿತ್ಯದ ಕೆಲಸಕ್ಕೆ ಅಡ್ಡಿಯಾಗತೊಡಗಿದಾಗ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬಹುದು. ಪೊರೆ ಕರಗಿಸುವ ಹನಿಯೆಂದು ಮಾರುವುದನ್ನು ನಂಬಬೇಡಿ. ಮಬ್ಬಾದ ಮಸೂರ ತೆಗೆದು ಕೃತಕ ಮಸೂರ ಕೂರಿಸುವುದೊಂದೇ ಉಪಾಯ. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲೆ ಎಂಬ ವೈದ್ಯರು ಮೊದಲು ಮಾಡಿದ್ದು ಇಂದು ಜಿಲ್ಲಾ ಕೇಂದ್ರಗಳಲ್ಲೂ ನಡೆಯುತ್ತಿದೆ. ಬಹುಪಾಲು ಜನರು ಅದೇ ದಿನ ಮನೆಗೆ ಹೋಗುತ್ತಾರೆ.

ಫೋಟೋ ತೆಗೆಯುವವರು ಕಣ್ಣಿನ ವೈದ್ಯರಿಗೆ ಮೊದಲೇ ಒಂದು ಮಾತು ತಿಳಿಸಬೇಕು: ನೀವು ಕಿಂಡಿಗೆ ಹಚ್ಚುವುದು ಯಾವ ಕಣ್ಣು ಎಂದು. ಸಾಮಾನ್ಯವಾಗಿ ಹಾಕುವ ಕೃತಕ ಮಸೂರ ಒಂದು ದೂರಕ್ಕೆ ಮಾತ್ರ ಸ್ಪಷ್ಟವಾಗಿ ತೋರಿಸುತ್ತದೆ. ಎಫ್‌ಎಂ-2ರಂಥ ಕ್ಯಾಮೆರಾದ ಕಿಂಡಿಯಲ್ಲಿ ಕಾಣುವ ಚಿತ್ರವೋ ಸುಮಾರು ಒಂದು ಮೀಟರ್ ದೂರದಲ್ಲಿ ಇದ್ದಂತಿರುತ್ತದೆ. ದೂರದ ದೃಷ್ಟಿಗೆ ಹೊಂದಿಸಿದ ಕಣ್ಣಿಗೆ ಅದು ಕೊಂಚ ಮಂದವಾಗಿ ಕಂಡರೆ ಗಾಬರಿ ಬೇಡ. ಕಿಂಡಿಗೆ ತಿರುಗಿಸಿ ಹಾಕುವ ಪುಟ್ಟ ಗಾಜುಗಳಿವೆ. ಬಣ್ಣಗಳೂ ಬದಲಾಗುತ್ತವೆ. ಪೊರೆ ಹಳದಿ ಛಾಯೆಯದು. ಅದು ಹೋದ ಮೇಲೆ ನೀಲಿ ಎದ್ದು ಕಾಣುತ್ತದೆ. ಫ್ರಾನ್ಸಿನ ಚಿತ್ರಕಾರ ಮೋನೆ 1923ರಲ್ಲಿ ಬಲಗಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ ಎಲ್ಲವೂ ನೀಲಿಯಾಗಿ ಕಾಣುತ್ತದೆಂದು ಗೊಣಗಿದ್ದರು!

ಕಣ್ಣೊಂದೇ ಅಲ್ಲ. ಕೈ ನಡುಗಿ ಚಿತ್ರ ಅಲುಗಾಡುವುದರಿಂದ ಕ್ಯಾಮೆರಾ ಬಿಟ್ಟವರಿದ್ದಾರೆ. ಏನನ್ನಾದರೂ ಹಿಡಿದಾಗ ಬರುವ ನಡುಕ ಬೇರೆ, ಕೈ ತೊಡೆಯ ಮೇಲೆ ಸುಮ್ಮನಿದ್ದಾಗ ಬರುವ ನಡುಕ ಬೇರೆ. ಎರಡನೆಯದು ಪಾರ್ಕಿನ್ಸನ್ ಕಾಯಿಲೆಯ ಸೂಚನೆಯಾಗಿರಬಹುದು. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೂ, ಉಬ್ಬಸದ ಕೆಲವು ಔಷಧಿಗಳಿಂದಲೂ ಕೈ ನಡುಗುತ್ತದೆ. ವಯಸ್ಸಾಯಿತೆಂದು ಸುಮ್ಮನಾಗದೆ ತೋರಿಸಿಕೊಳ್ಳಿ.

ಮನಸ್ಸು ಬಾಡಿದಾಗ

ಇನ್ನೊಂದು ಪ್ರಸಂಗವನ್ನು ಹೇಳಲೇಬೇಕು. ಐವತ್ತು ದಾಟಿದ ಒಬ್ಬರು, ಮದುವೆ ಫೋಟೋ ತೆಗೆದೇ ಸಂಸಾರ ನಡೆಸಿದವರು. ಅವರ ಹೆಂಡತಿ ಒಬ್ಬರೇ ನನ್ನಲ್ಲಿಗೆ ಬಂದರು. “ಲೆನ್ಸುಗಳನ್ನ ಒಂದೊಂದಾಗಿ ಹುಡುಗರಿಗೆ ಸುಮ್ಮನೆ ಕೊಟ್ಟುಬಿಡ್ತಿದ್ದಾರೆ ಸಾರ್. ಯಾಕ್ರೀ ಅಂದ್ರೆ, ನನಗಿನ್ಯಾಕೆ ಅಂತಾರೆ.” ಕೆಲಸ ಕಡಿಮೆಯಾಗಿತ್ತು, ಸಾಲವಿತ್ತು. ಊಟ ಸೇರುತ್ತಿರಲಿಲ್ಲ, ಬೆಳಗಿನ ಜಾವ ಮೂರಕ್ಕೇ ಎಚ್ಚರ. ಮೊದಲು ಇಷ್ಟವಾಗಿದ್ದು ಯಾವುದೂ ಈಗ ಬೇಡ.

ಇದು ಖಿನ್ನತೆ. ಜೀವದಂತೆ ಕಾಪಾಡಿದ ವಸ್ತುಗಳನ್ನು ಹೀಗೆ ಹಂಚಿಬಿಡುವುದು ಆತ್ಮಹತ್ಯೆಯ ಯೋಚನೆಯ ಮುನ್ಸೂಚನೆಯೂ ಆಗಿರಬಹುದು. ಇಂಥಲ್ಲಿ ಮನೆಯವರು “ಸಾಯೋ ಯೋಚನೆ ಬರ್ತಿದೆಯಾ?” ಎಂದು ನೇರವಾಗಿಯೇ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಭಯ ಬೇಡ. ಅವರನ್ನು ಒಂಟಿಯಾಗಿ ಬಿಡದೆ ಆ ದಿನವೇ ವೈದ್ಯರಲ್ಲಿಗೆ ಕರೆತನ್ನಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ನಾನು ಹೇಳಿದ ಈ ವ್ಯಕ್ತಿ ಮನೋವೈದ್ಯರ ಚಿಕಿತ್ಸೆಯಲ್ಲಿ ಕೆಲವು ತಿಂಗಳುಗಳಲ್ಲಿ ಚೇತರಿಸಿಕೊಂಡರು. ಕೊಟ್ಟ ಲೆನ್ಸುಗಳಲ್ಲಿ ಎರಡನ್ನು ಆ ಹುಡುಗರೇ ತಂದು ವಾಪಸು ಕೊಟ್ಟರಂತೆ.

ಖಿನ್ನತೆಯ ಕಾಲದಲ್ಲಿ, ಸಾವಿನ ಸೂತಕ ಕಳೆದ ಹೊಸತರಲ್ಲಿ ಇಂಥ ತೀರ್ಮಾನಗಳನ್ನು ಮುಂದೂಡುವುದು ಒಳ್ಳೆಯದು. ಗಂಡನ ವೈಕುಂಠ ಸಮಾರಾಧನೆ ಮುಗಿದ ತಿಂಗಳೊಳಗೆ, “ನೋಡಿದರೆ ಸಂಕಟವಾಗುತ್ತೆ” ಎಂದು ಅವರ ಕ್ಯಾಮೆರಾ ಮಾರಿಬಿಟ್ಟ ಒಬ್ಬ ತಾಯಿಯನ್ನು ನಾನು ಬಲ್ಲೆ. ಅದರೊಳಗೆ ಅರ್ಧ ತೆಗೆದ ರೋಲು ಇತ್ತೆಂಬುದು ನೆನಪಾದಾಗ ಕ್ಯಾಮೆರಾ ಎರಡು ಕೈ ದಾಟಿತ್ತು. ಅದರಲ್ಲಿ ಏನಿತ್ತೋ ಎಂದು ಇಂದಿಗೂ ಕೇಳುತ್ತಾರೆ.

ಪಶ್ಚಾತ್ತಾಪದ ಲೆಕ್ಕ

ಇನ್ನು ಕಣ್ಣು ಸರಿಯಿದೆ, ಕೈ ಸರಿಯಿದೆ, ಮನಸ್ಸೂ ಸರಿಯಿದೆ, ಆದರೂ ತೀರ್ಮಾನವಾಗುತ್ತಿಲ್ಲ ಎನ್ನುವವರ ಮಾತು. ಇದು ಕಾಯಿಲೆಯಲ್ಲ, ಮನುಷ್ಯ ಸ್ವಭಾವ. ಡೇನಿಯಲ್ ಕಾನೆಮನ್, ಜ್ಯಾಕ್ ನೆಟ್ಚ್, ರಿಚರ್ಡ್ ಥೇಲರ್ ಎಂಬ ವಿದ್ವಾಂಸರು 1990ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದದ್ದು. ವಿದ್ಯಾರ್ಥಿಗಳಲ್ಲಿ ಅರ್ಧ ಜನರಿಗೆ ಕಾಫಿ ಕುಡಿಯುವ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ಉಳಿದವರಿಗೆ ಎಷ್ಟಕ್ಕೆ ಕೊಳ್ಳುತ್ತೀರಿ ಎಂದರು. ಕೊಳ್ಳುವವರು ಹೇಳಿದ ಬೆಲೆಯ ಸುಮಾರು ಎರಡರಷ್ಟನ್ನು ಮಾರುವವರು ಕೇಳಿದರು! ಕೈಗೆ ಬಂದು ಗಳಿಗೆಯಾಗದ ಮಗ್ಗಿಗೇ ಹೀಗಾದರೆ, ಮೂವತ್ತೈದು ವರ್ಷ ಹೆಗಲ ಮೇಲಿದ್ದ ಕ್ಯಾಮೆರಾದ ಗತಿಯೇನು? ಮಗನ ಸ್ನೇಹಿತ ಹೇಳಿದ ಬೆಲೆ ಮೇಷ್ಟ್ರಿಗೆ ಅವಮಾನವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಪಶ್ಚಾತ್ತಾಪದ ಬಗ್ಗೆ ಅಮೆರಿಕದ ಗಿಲೋವಿಚ್ ಮತ್ತು ಮೆಡ್ವೆಕ್ 1995ರಲ್ಲಿ ಬರೆದದ್ದೂ ಕುತೂಹಲಕರ. ಹತ್ತಿರದ ದಿನಗಳಲ್ಲಿ ಜನ ಮರುಗುವುದು ಮಾಡಿದ ಕೆಲಸಕ್ಕೆ. ಬದುಕನ್ನು ಹಿಂತಿರುಗಿ ನೋಡಿದಾಗ ಮರುಗುವುದು ಮಾಡದೆ ಬಿಟ್ಟದ್ದಕ್ಕೆ. ಮಾರಿದ ವಾರದಲ್ಲಿ ಸಂಕಟವಾಗುವುದು ಸಹಜ, ಅದು ಬಹುಮಟ್ಟಿಗೆ ಇಳಿಯುತ್ತದೆ ಎಂದು ಇದರಿಂದ ತಿಳಿಯಬಹುದು. ಬೀರುವಿನಲ್ಲಿಟ್ಟು ಒಂದೂ ಚಿತ್ರ ತೆಗೆಯದಿದ್ದರೆ ಅದಕ್ಕೂ ಒಂದು ದಿನ ಮರುಗಬಹುದು. ನನ್ನ ಸಲಹೆ ಇಷ್ಟು: ಮೊದಲು ಒಂದು ರೋಲು ತೆಗೆಯಿರಿ. ಮೂರು ತಿಂಗಳಾದರೂ ರೋಲು ಮುಗಿಯದಿದ್ದರೆ ಮಾರುವುದಕ್ಕೆ ಹಿಂಜರಿಯಬೇಡಿ. ನಮ್ಮ ಮಲೆನಾಡಿನ, ಕರಾವಳಿಯ ತೇವದಲ್ಲಿ ಚರ್ಮದ ಚೀಲದೊಳಗಿಟ್ಟ ಲೆನ್ಸಿಗೆ ಬೂಷ್ಟು ಬಂದೇ ಬರುತ್ತದೆ. ಯಾರಾದರೂ ಬಳಸಿದರೆ ಉಳಿದೀತು. ನೆಗೆಟಿವ್‌ಗಳನ್ನು ಮಾತ್ರ ಕೊಡಬೇಡಿ.

ಇನ್ನೊಂದು ಉಪಾಯವಿದೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿನಿಲಯಗಳಲ್ಲಿ ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೆನಪಿನ ವಸ್ತುಗಳನ್ನು ದಾನ ಮಾಡುವ ಮುನ್ನ ಅವುಗಳ ಫೋಟೋ ತೆಗೆದಿಟ್ಟುಕೊಳ್ಳಿ ಎಂದು ಹೇಳಿದಾಗ ಹೆಚ್ಚು ವಸ್ತುಗಳು ದಾನಕ್ಕೆ ಬಂದವು. ಜನ ಅಂಟಿಕೊಳ್ಳುವುದು ನೆನಪಿಗೆ. ಕ್ಯಾಮೆರಾದ್ದೇ ಫೋಟೋ ತೆಗೆಯುವುದು ತಮಾಷೆಯೆನಿಸಬಹುದು, ಆದರೆ ಖರ್ಚಿಲ್ಲದ ಔಷಧಿ.

ಮಾರಿ, ಇಡಿ, ಬ್ಯಾಟರಿ ಮಾತ್ರ ಇಂದೇ ತೆಗೆಯಿರಿ. ಹಳೆಯ ಕ್ಯಾಮೆರಾಗಳಲ್ಲಿರುವುದು ಗುಂಡಿಯಾಕಾರದ ಸೆಲ್ಲು. ಮೊಮ್ಮಕ್ಕಳು ನುಂಗಿದರೆ, ಅದು ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡೇ ಗಂಟೆಗಳಲ್ಲಿ ಸುಡಬಲ್ಲದು. ವಾಂತಿ ಮಾಡಿಸಲು ಹೋಗದೆ, ಎಕ್ಸ್‌ರೇ ಸೌಲಭ್ಯವಿರುವ ಆಸ್ಪತ್ರೆಗೆ ತಕ್ಷಣ ಓಡಬೇಕು.

ಮೇಷ್ಟ್ರ ಬಲಗಣ್ಣಿನ ಶಸ್ತ್ರಚಿಕಿತ್ಸೆ ಸಾಂಗವಾಗಿ ಆಯಿತು. ಎರಡು ತಿಂಗಳ ನಂತರ ಮಂಡಗದ್ದೆಗೂ ಹೋಗಿ ಬಂದರು. ಕ್ಯಾಮೆರಾ ಮತ್ತು ಚಿಕ್ಕ ಲೆನ್ಸು ಇಟ್ಟುಕೊಂಡು, ಹೆಗಲಿಗೆ ಭಾರವಾದ ದೊಡ್ಡ ಲೆನ್ಸನ್ನು ಮಗನ ಸ್ನೇಹಿತನಿಗೆ ಕೊಟ್ಟರು. “ಹಕ್ಕಿ ಕಂಡಾಗಲೆಲ್ಲ ಅದು ಇರಬೇಕಿತ್ತು ಅನಿಸುತ್ತೆ ಡಾಕ್ಟ್ರೇ, ಸುಳ್ಳು ಯಾಕೆ ಹೇಳಲಿ” ಎಂದರು ಮೊನ್ನೆ. ನಿದ್ದೆ ಬರುತ್ತಿದೆ. ರಕ್ತದೊತ್ತಡ 134ಕ್ಕೆ ಇಳಿದಿದೆ, ಮಾತ್ರೆ ಮುಂದುವರಿದಿದೆ. ಎಡಗಣ್ಣಿನಲ್ಲೂ ಪೊರೆ ಶುರುವಾಗಿದೆ; ಅವಸರವಿಲ್ಲ, ಆರು ತಿಂಗಳ ನಂತರ ಮತ್ತೆ ತೋರಿಸಬೇಕು.