ಅಮೋನಿಯದ ತೊಟ್ಟಿಗೆ ರೇಡಾರ್ ಅಳತೆಕೋಲು

ಊಟಿಯ ಕಡೆ ಆಲೂಗಡ್ಡೆಗೂ ಗೂಡಲೂರಿನ ಕಡೆ ಬತ್ತಕ್ಕೂ ನಾವು ಯೂರಿಯಾ ಹಾಕುತ್ತೇವೆ. 45 ಕಿಲೊ ಚೀಲವೊಂದರ ಯೂರಿಯಾ ತಯಾರಾಗಬೇಕಾದರೆ 25 ಕಿಲೊವಿಗೂ ಹೆಚ್ಚು ಅಮೋನಿಯ ಬೇಕು. ಮಂಗಳೂರಿನ ಪಣಂಬೂರಿನಲ್ಲಿ 1976ರಲ್ಲಿ ಉತ್ಪಾದನೆ ಆರಂಭಿಸಿದ ಗೊಬ್ಬರದ ಕಾರ್ಖಾನೆಯನ್ನು ನಮ್ಮಲ್ಲಿ ಹಲವರು ಬಲ್ಲರು. ಇಂಥ ದೊಡ್ಡ ಕಾರ್ಖಾನೆಗಳಲ್ಲಿ ಅಮೋನಿಯವನ್ನು ಸೊನ್ನೆಗಿಂತ 33 ಡಿಗ್ರಿ ಕೆಳಗೆ ತಣಿಸಿ, ದ್ರವವಾಗಿಸಿ, ಭಾರಿ ತೊಟ್ಟಿಗಳಲ್ಲಿ ಕೂಡಿಡುತ್ತಾರೆ.

ಆ ತೊಟ್ಟಿಯಲ್ಲಿ ದ್ರವ ಎಷ್ಟಿದೆಯೆಂದು ತಿಳಿಯುವುದು ಹೇಗೆ? ಮನೆಯ ನೀರಿನ ತೊಟ್ಟಿಯಾದರೆ ಮುಚ್ಚಳ ತೆಗೆದು ಕೋಲು ಇಳಿಸಿ ನೋಡಬಹುದು. ಅಮೋನಿಯದ ತೊಟ್ಟಿಯನ್ನು ಹಾಗೆ ತೆರೆಯುವಂತಿಲ್ಲ. ಅದರ ಆವಿ ಕಣ್ಣನ್ನೂ ಶ್ವಾಸಕೋಶವನ್ನೂ ಸುಡುತ್ತದೆ. 2023ರ ಡಿಸೆಂಬರಿನಲ್ಲಿ ಚೆನ್ನೈ ಬಳಿಯ ಎಣ್ಣೂರಿನಲ್ಲಿ ಕಡಲಡಿಯ ಕೊಳವೆಯಿಂದ ಅಮೋನಿಯ ಸೋರಿ, ಹಲವರು ಆಸ್ಪತ್ರೆ ಸೇರಬೇಕಾಯಿತು. ತೊಟ್ಟಿ ಮಿತಿ ಮೀರಿ ತುಂಬಿದರೆ ದ್ರವವು ಆವಿಯ ಕೊಳವೆಗೆ ನುಗ್ಗಿ ಯಂತ್ರವನ್ನು ಕೆಡಿಸೀತು, ಹೊರಕ್ಕೂ ಬಂದೀತು. ತೀರ ಇಳಿದರೆ ಪಂಪು ಬರಿದೇ ಓಡಿ ಹಾಳಾದೀತು. ಆದುದರಿಂದ ಇಲ್ಲಿ ಅಳತೆ ತಪ್ಪಬಾರದು.

ನೆರವಿಗೆ ಬರುವುದು ರೇಡಾರ್. ಕಣಿವೆಯ ಅಂಚಿನಲ್ಲಿ ನಿಂತು ಕೂಗಿದರೆ ಎದುರಿನ ಬೆಟ್ಟಕ್ಕೆ ಬಡಿದ ದನಿ ಮರಳಿ ಬರುವುದನ್ನು ನಮ್ಮ ಮಕ್ಕಳೂ ಬಲ್ಲರು. ಬೆಟ್ಟ ದೂರವಾದಷ್ಟೂ ಮರುದನಿ ತಡ. ತೊಟ್ಟಿಯ ನೆತ್ತಿಯಲ್ಲಿ ಕೂರಿಸಿದ ರೇಡಾರ್ ದನಿಯ ಬದಲು ರೇಡಿಯೋ ಅಲೆಗಳನ್ನು ಕೆಳಕ್ಕೆ ಕಳಿಸುತ್ತದೆ. ಅವು ದ್ರವದ ಮೇಲ್ಮೈಗೆ ತಾಗಿ ಹಿಂದಿರುಗುತ್ತವೆ. ಅಲೆಯ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೊಮೀಟರು. ದ್ರವ 15 ಮೀಟರು ಕೆಳಗಿದ್ದರೆ ಹೋಗಿ ಬರಲು ಹಿಡಿಯುವ ಕಾಲ ಸೆಕೆಂಡಿನ ಕೋಟಿಯಲ್ಲೊಂದು ಪಾಲು! ಈ ಕಾಲದಿಂದ ದೂರವನ್ನು ತಿಳಿದು, ಅದನ್ನು ತೊಟ್ಟಿಯ ಎತ್ತರದಿಂದ ಕಳೆದು, ದ್ರವದ ಮಟ್ಟವನ್ನು ಉಪಕರಣವೇ ಹೇಳುತ್ತದೆ. ಅದು ದ್ರವವನ್ನು ಮುಟ್ಟದಿರುವುದರಿಂದ ತೇಲುಗುಂಡಿನಂತೆ ಸಿಕ್ಕಿಕೊಳ್ಳುವ ಭಯವಿಲ್ಲ.

ಆದರೆ ಎಲ್ಲ ಅಲೆಯೂ ಸಲ್ಲದು. ಸೆಕೆಂಡಿಗೆ ಸುಮಾರು 2,400 ಕೋಟಿ ಸಲ ಕಂಪಿಸುವ ಅಲೆಯನ್ನು ಅಮೋನಿಯದ ಆವಿಯೇ ಹೀರಿಕೊಂಡು ಮರುದನಿಯನ್ನು ಕುಗ್ಗಿಸುತ್ತದೆ. ಆದುದರಿಂದ 1,000 ಕೋಟಿಯಷ್ಟು ಅಥವಾ 8,000 ಕೋಟಿಯಷ್ಟು ಕಂಪನದ ಅಲೆಗಳನ್ನು ಆರಿಸುತ್ತಾರೆ. ದ್ರವ ಕುದಿದು ಮೇಲ್ಮೈ ಅಲುಗಾಡುವ ಕಡೆ, ತೊಟ್ಟಿಯೊಳಗೆ ಕೊಳವೆಯೊಂದನ್ನು ನೆಟ್ಟಗೆ ನಿಲ್ಲಿಸಿ ಅದರೊಳಗೇ ಅಳೆಯುತ್ತಾರೆ. ಒಂದನ್ನೇ ನೆಚ್ಚದೆ, ತೊಟ್ಟಿ ಮಿತಿಗೆ ಬಂದಾಗ ಎಚ್ಚರಿಸುವ ಬೇರೆ ಸಾಧನವನ್ನೂ ಇಟ್ಟಿರುತ್ತಾರೆ.

ಇಷ್ಟು ಜತನದಿಂದ ಕಾಯ್ದ ಅಮೋನಿಯವನ್ನು ನಾವು ಹೊಲದಲ್ಲಿ ಗಾಳಿಗೆ ಬಿಡುವುದುಂಟು. ಮಣ್ಣಿನ ಮೇಲೆ ಎರಚಿ ಹಾಗೇ ಬಿಟ್ಟ ಯೂರಿಯಾದ ಒಂದು ಪಾಲು ಮತ್ತೆ ಅಮೋನಿಯವಾಗಿ ಹಾರಿಹೋಗುತ್ತದೆ. ಹಾಕಿದ ಕೂಡಲೇ ಗುದ್ದಲಿಯಿಂದ ಹಸಿಮಣ್ಣಿಗೆ ಬೆರೆಸಿ ಮುಚ್ಚಿದರೆ ಅಷ್ಟೂ ಬೆಳೆಗೆ ಉಳಿದೀತು.