ತಿದಿಯೂದಿದರಷ್ಟೇ ಉರಿಯುವ ಅಣುಕುಲುಮೆ

ಕೈಗಾದಂತಹ ಅಣುಸ್ಥಾವರದಲ್ಲಿ ಪರಮಾಣು ಸೀಳಿದಾಗ ಸಿಡಿಯುವ ನ್ಯೂಟ್ರಾನುಗಳು ಮತ್ತಷ್ಟು ಪರಮಾಣುಗಳನ್ನು ಸೀಳುತ್ತವೆ; ಸರಪಳಿ ತಾನಾಗಿಯೇ ಸಾಗುತ್ತದೆ. ಕಾರ್ಲೊ ರುಬ್ಬಿಯಾ 1990ರ ದಶಕದಲ್ಲಿ ಪ್ರತಿಪಾದಿಸಿದ ಮಾರ್ಗ ಬೇರೆ. ಅಲ್ಲಿ ಸರಪಳಿ ತಾನಾಗಿ ಮುಂದುವರಿಯದಂತೆ ನ್ಯೂಟ್ರಾನುಗಳ ಕೊರತೆಯನ್ನಿರಿಸುತ್ತಾರೆ. ವೇಗವರ್ಧಕ ಯಂತ್ರದ ಪ್ರೋಟಾನುಗಳು ಸೀಸಕ್ಕೆ ಬಡಿದು ನ್ಯೂಟ್ರಾನುಗಳನ್ನು ಚಿಮ್ಮಿಸಿ ಆ ಕೊರತೆಯನ್ನು ತುಂಬುತ್ತವೆ. ತಿದಿ ನಿಂತರೆ ಕಮ್ಮಾರನ ಕುಲುಮೆ ಮಂಕಾಗುವಂತೆ, ಯಂತ್ರ ನಿಂತರೆ ಸರಪಳಿಯೂ ನಿಲ್ಲುವುದು. ಉಳಿದ ಕಾವನ್ನು ತಣಿಸುವ ಹೊಣೆ ಮಾತ್ರ ತಪ್ಪದು.

ಸಹಸ್ರಾರು ವರ್ಷ ವಿಕಿರಣ ಸೂಸುವ ತ್ಯಾಜ್ಯವನ್ನು ಸೀಳಿ ಅಲ್ಪಾಯುವಾಗಿಸುವುದೂ, ಕೇರಳದ ಕಡಲಮರಳಿನ ಥೋರಿಯಮ್ಮನ್ನು ಇಂಧನವಾಗಿಸುವುದೂ ಇದರ ಗುರಿ. ಟ್ರಾಂಬೆಯ ಭಾಭಾ ಕೇಂದ್ರದಲ್ಲಿ ಈ ತತ್ತ್ವದ ಪರೀಕ್ಷೆಗೆಂದು ಕಟ್ಟಿದ ಕಿರಿಯ ಸ್ಥಾವರಕ್ಕೆ 'ಬ್ರಹ್ಮ'ನ ಹೆಸರೇ ಇದೆ. ಆದರೆ ತಿಂಗಳುಗಟ್ಟಲೆ ಎಡೆಬಿಡದೆ ದುಡಿಯುವ ಪ್ರಬಲ ವೇಗವರ್ಧಕವನ್ನು ನಿರ್ಮಿಸುವುದು ಸುಲಭವಲ್ಲ. ಈ ಬಗೆಯ ವಿದ್ಯುತ್ ಸ್ಥಾವರ ಲೋಕದಲ್ಲಿನ್ನೂ ಎದ್ದಿಲ್ಲ. ಮುಂದಿನ ತಲೆಮಾರಿಗೆ ನಾವು ತ್ಯಾಜ್ಯವನ್ನಷ್ಟೇ ಉಳಿಸದೆ, ಅದನ್ನು ಕರಗಿಸುವ ವಿದ್ಯೆಯನ್ನೂ ಕೊಟ್ಟು ಹೋಗಬೇಕಲ್ಲವೇ?