ಕೂಡಿಡುವ ಗೀಳು ಮತ್ತು ನೆನಪಿನ ವಸ್ತುಗಳ ವಿಲೇವಾರಿ

ಕೂಡಿಡುವ ಗೀಳು ಒಂದು ಮಾನಸಿಕ ಅಸ್ವಸ್ಥತೆ. ವಸ್ತುವಿಗೆ ಬೆಲೆಯಿರಲಿ ಇಲ್ಲದಿರಲಿ, ಅದನ್ನು ಬಿಟ್ಟುಕೊಡಲು ತೀವ್ರವಾದ ಕಷ್ಟವಾಗುವುದು ಇದರ ಮುಖ್ಯ ಲಕ್ಷಣ. ಇಂಗ್ಲಿಷಿನಲ್ಲಿ ಇದನ್ನು ಹೋರ್ಡಿಂಗ್ ಡಿಸಾರ್ಡರ್ ಎನ್ನುತ್ತಾರೆ. ಇದರಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಅತ್ಯಂತ ಕಠಿಣವಾದ ಘಟ್ಟವೆಂದರೆ ನೆನಪಿನ ವಸ್ತುಗಳನ್ನು ಬಿಡುವುದು. ತೀರಿಕೊಂಡವರ ಬಟ್ಟೆ, ಮಕ್ಕಳ ಆಟಿಕೆ, ಹಳೆಯ ಪತ್ರಗಳು, ವರ್ಷಗಟ್ಟಲೆ ಸಂಗ್ರಹಿಸಿದ ಗೊಂಬೆ, ನಾಣ್ಯ, ಪಿಂಗಾಣಿ ಮುಂತಾದವು ಈ ಗುಂಪಿಗೆ ಸೇರುತ್ತವೆ. ಮನೆಯನ್ನು ಬರಿದು ಮಾಡುವುದು ಚಿಕಿತ್ಸೆಯ ಗುರಿಯಲ್ಲ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ತಾನೇ ತೀರ್ಮಾನಿಸುವ ಶಕ್ತಿಯನ್ನು ವ್ಯಕ್ತಿಯಲ್ಲಿ ಬೆಳೆಸುವುದೇ ಅದರ ಗುರಿ.

ಹಿನ್ನೆಲೆ

1947ರಲ್ಲಿ ನ್ಯೂಯಾರ್ಕ್ ನಗರದ ಹಾರ್ಲೆಮ್ ಭಾಗದಲ್ಲಿ ಹೋಮರ್ ಮತ್ತು ಲ್ಯಾಂಗ್ಲಿ ಕಾಲ್ಯರ್ ಎಂಬ ಸಹೋದರರು ತಮ್ಮ ಮನೆಯೊಳಗೇ ಮೃತಪಟ್ಟರು. ಲ್ಯಾಂಗ್ಲಿ ತಾನೇ ಪೇರಿಸಿದ್ದ ರಾಶಿಯ ಕೆಳಗೆ ಸಿಕ್ಕಿಬಿದ್ದಿದ್ದ. ಅಣ್ಣನ ದೇಹ ದೊರೆತ ಜಾಗದಿಂದ ಕೆಲವೇ ಅಡಿಗಳ ದೂರದಲ್ಲಿದ್ದ ಅವನ ದೇಹವನ್ನು ಪತ್ತೆಹಚ್ಚಲು ಎರಡು ವಾರಗಳಿಗೂ ಹೆಚ್ಚು ಕಾಲ ಹಿಡಿಯಿತು. ಆ ಮನೆಯಿಂದ ನೂರು ಟನ್ನುಗಳಿಗೂ ಮಿಕ್ಕಿದ ಸಾಮಗ್ರಿಯನ್ನು ಹೊರಸಾಗಿಸಲಾಯಿತು. ಇಂತಹ ಘಟನೆಗಳನ್ನು ಜನರು ಬಹುಕಾಲ ವಿಚಿತ್ರ ಸ್ವಭಾವದ ಫಲವೆಂದೇ ತಿಳಿದಿದ್ದರು.

ಈ ವಿಷಯದ ವ್ಯವಸ್ಥಿತ ಅಧ್ಯಯನಕ್ಕೆ ತಳಹದಿ ಹಾಕಿದವರಲ್ಲಿ ಅಮೆರಿಕದ ಮನೋವಿಜ್ಞಾನಿ ರ‍್ಯಾಂಡಿ ಫ್ರಾಸ್ಟ್ ಪ್ರಮುಖರು. 1996ರಲ್ಲಿ ಅವರು ಟಮಾರಾ ಹಾರ್ಟ್ಲ್ ಅವರೊಡನೆ ಈ ಸಮಸ್ಯೆಯ ವ್ಯಾಖ್ಯೆಯನ್ನೂ ವಿವರಣೆಯ ಮಾದರಿಯನ್ನೂ ಮುಂದಿಟ್ಟರು. ಮೊದಲು ಇದನ್ನು ಗೀಳು ರೋಗದ (ಒಸಿಡಿ) ಒಂದು ರೂಪವೆಂದು ಭಾವಿಸಲಾಗಿತ್ತು. ಅಮೆರಿಕದ ಮನೋವೈದ್ಯ ಸಂಘವು 2013ರಲ್ಲಿ ಪ್ರಕಟಿಸಿದ ಡಿಎಸ್ಎಂ-5 ಕೈಪಿಡಿಯಲ್ಲಿ ಇದು ಪ್ರತ್ಯೇಕ ಅಸ್ವಸ್ಥತೆಯಾಗಿ ಸ್ಥಾನ ಪಡೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ವರ್ಗೀಕರಣವೂ ಇದನ್ನು ಬೇರೆಯಾಗಿಯೇ ಗುರುತಿಸುತ್ತದೆ. ಆ ವರ್ಗೀಕರಣ 2022ರ ಜನವರಿ 1ರಿಂದ ಜಾರಿಯಲ್ಲಿದೆ.

ಲಕ್ಷಣಗಳು

ವಸ್ತುಗಳನ್ನು ಬಿಡಲು ನಿರಂತರವಾದ ಕಷ್ಟ, ಬಿಡಬೇಕಾದಾಗ ಉಂಟಾಗುವ ಸಂಕಟ, ವಾಸದ ಜಾಗಗಳು ಬಳಕೆಗೆ ಬಾರದಷ್ಟು ತುಂಬಿಹೋಗುವುದು ಇದರ ಲಕ್ಷಣಗಳು. ಮಂಚದ ಮೇಲೆ ಮಲಗಲಾಗದ, ಒಲೆಯ ಬಳಿ ಅಡುಗೆ ಮಾಡಲಾಗದ, ಬಾಗಿಲನ್ನು ಪೂರ್ತಿಯಾಗಿ ತೆರೆಯಲಾಗದ ಸ್ಥಿತಿ ಬರಬಹುದು. ಬೆಂಕಿ ಅನಾಹುತ, ಎಡವಿ ಬೀಳುವುದು, ಧೂಳು ಮತ್ತು ಕೀಟಗಳಿಂದ ಕಾಯಿಲೆ ಇದರ ನೇರ ಅಪಾಯಗಳು. ನಾಚಿಕೆಯಿಂದ ಬಂಧುಗಳನ್ನು ಮನೆಗೆ ಕರೆಯುವುದು ನಿಂತುಹೋಗಿ, ಒಂಟಿತನವೂ ಹೆಚ್ಚುತ್ತದೆ.

ಲಕ್ಷಣಗಳು ಹೆಚ್ಚಾಗಿ ಹದಿಹರೆಯದ ಆರಂಭದಲ್ಲಿಯೇ ಕಾಣಿಸಿಕೊಂಡು ವಯಸ್ಸಿನೊಂದಿಗೆ ತೀವ್ರವಾಗುತ್ತವೆ. ಆಪ್ತರ ಮರಣದಂತಹ ಆಘಾತದ ನಂತರ ಹಲವರಲ್ಲಿ ಸಮಸ್ಯೆ ಉಲ್ಬಣಿಸುತ್ತದೆ. ಖಿನ್ನತೆ ಮತ್ತು ಆತಂಕದ ಕಾಯಿಲೆಗಳು ಜೊತೆಗೂಡಿರುವುದು ಸಾಮಾನ್ಯ.

ಹವ್ಯಾಸಿ ಸಂಗ್ರಾಹಕರಿಗಿರುವ ವ್ಯತ್ಯಾಸ

ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣದ ಚಿತ್ರಗಳನ್ನು ಕೂಡಿಸುವ ಹವ್ಯಾಸ ಕಾಯಿಲೆಯಲ್ಲ. ಹವ್ಯಾಸಿಯು ತನಗೆ ಬೇಕಾದುದನ್ನು ಆರಿಸಿ ತರುತ್ತಾನೆ, ವಿಂಗಡಿಸಿ ಜೋಡಿಸುತ್ತಾನೆ, ಇತರರಿಗೆ ತೋರಿಸಿ ಸಂತೋಷಪಡುತ್ತಾನೆ. ಕೂಡಿಡುವ ಗೀಳಿನಲ್ಲಿ ಆಯ್ಕೆ ಮತ್ತು ಜೋಡಣೆ ಕುಸಿದಿರುತ್ತವೆ. ಅಮೂಲ್ಯವಾದ ಛಾಯಾಚಿತ್ರ ಮತ್ತು ಹಳೆಯ ಕರಪತ್ರ ಒಂದೇ ರಾಶಿಯಲ್ಲಿ ಬಿದ್ದಿರುತ್ತವೆ. ಆದರೆ ಸಂಗ್ರಹವೊಂದು ಹವ್ಯಾಸವಾಗಿ ಮೊದಲಾಗಿ ಗೀಳಾಗಿ ಬೆಳೆಯುವುದೂ ಉಂಟು. ಅಂಥವರಿಗೆ ಆ ಸಂಗ್ರಹ ತಮ್ಮ ಬದುಕಿನ ಗುರುತೇ ಆಗಿರುವುದರಿಂದ ಅದನ್ನು ಕಡಿಮೆ ಮಾಡುವುದು ಇನ್ನಷ್ಟು ಕಷ್ಟ.

ನೆನಪಿನ ವಸ್ತುಗಳನ್ನು ಬಿಡುವುದು ಏಕೆ ಕಷ್ಟ

ರದ್ದಿ ಕಾಗದವನ್ನು ಬಿಡಲು ಅಡ್ಡಿಯಾಗುವುದು 'ಮುಂದೆ ಬೇಕಾದೀತು' ಎಂಬ ಆಲೋಚನೆ. ನೆನಪಿನ ವಸ್ತುಗಳ ವಿಷಯದಲ್ಲಿ ಬೇರೆ ಬಗೆಯ ನಂಬಿಕೆಗಳು ಕೆಲಸ ಮಾಡುತ್ತವೆ:

• ವಸ್ತು ಹೋದರೆ ನೆನಪೂ ಹೋಗುತ್ತದೆ ಎಂಬ ಭಯ. ಈ ಸಮಸ್ಯೆಯುಳ್ಳ ಅನೇಕರಿಗೆ ತಮ್ಮ ಜ್ಞಾಪಕಶಕ್ತಿಯ ಮೇಲೆ ವಿಶ್ವಾಸ ಕಡಿಮೆ.
• ವಸ್ತುವನ್ನು ಬಿಡುವುದು ಅದನ್ನು ಕೊಟ್ಟವರಿಗೆ ಮಾಡುವ ದ್ರೋಹ ಎಂಬ ಭಾವನೆ.
• ವಸ್ತುವಿಗೂ ಜೀವವಿದೆ, ಎಸೆದರೆ ಅದಕ್ಕೆ ನೋವಾಗುತ್ತದೆ ಎಂಬ ಅನಿಸಿಕೆ. ಗೊಂಬೆ, ಆಟಿಕೆಗಳ ವಿಷಯದಲ್ಲಿ ಇದು ಹೆಚ್ಚು.
• ವಸ್ತು ತನ್ನ ವ್ಯಕ್ತಿತ್ವದ ಭಾಗ, ಅದಿಲ್ಲದೆ ತಾನು ಅಪೂರ್ಣ ಎಂಬ ಭಾವ.

ಇದು ಸೋಮಾರಿತನವಲ್ಲ ಎಂಬುದಕ್ಕೆ ಮಿದುಳಿನ ಅಧ್ಯಯನಗಳ ಬೆಂಬಲವೂ ಇದೆ. 2012ರಲ್ಲಿ ಡೇವಿಡ್ ಟೋಲಿನ್ ಮತ್ತು ಸಂಗಡಿಗರು ಪ್ರಕಟಿಸಿದ ಸಂಶೋಧನೆಯಲ್ಲಿ, ಈ ಅಸ್ವಸ್ಥತೆಯುಳ್ಳವರು ತಮ್ಮದೇ ಕಾಗದಪತ್ರಗಳನ್ನು ಇಡಬೇಕೇ ಬಿಡಬೇಕೇ ಎಂದು ತೀರ್ಮಾನಿಸುವಾಗ ಮಿದುಳಿನ ಎರಡು ಭಾಗಗಳಲ್ಲಿ ಅತಿಯಾದ ಚಟುವಟಿಕೆ ಕಂಡುಬಂದಿತು. ಯಾವುದು ಮುಖ್ಯ ಎಂದು ಅಳೆಯುವಲ್ಲಿ ಈ ಭಾಗಗಳಿಗೆ ಪಾತ್ರವಿದೆ. ಇತರರ ಕಾಗದಗಳ ವಿಷಯದಲ್ಲಿ ಹಾಗಾಗಲಿಲ್ಲ.

ಚಿಕಿತ್ಸೆ

ಅರಿವು-ವರ್ತನೆ ಚಿಕಿತ್ಸೆ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಇದಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವ ವಿಧಾನ. ಗೇಲ್ ಸ್ಟೆಕೆಟೀ ಮತ್ತು ಫ್ರಾಸ್ಟ್ ಇದನ್ನು ಕೂಡಿಡುವ ಗೀಳಿಗೆ ಹೊಂದುವಂತೆ ರೂಪಿಸಿದರು. ವಿಂಗಡಿಸುವುದು, ತೀರ್ಮಾನಿಸುವುದು, ಹೊಸ ವಸ್ತುಗಳನ್ನು ತರುವ ಆಸೆಯನ್ನು ತಡೆಯುವುದು ಇದರ ಅಂಗಗಳು. ಚಿಕಿತ್ಸೆಯಿಂದ ಗಣನೀಯ ಸುಧಾರಣೆ ಕಾಣುತ್ತದೆಯಾದರೂ ಅನೇಕರಲ್ಲಿ ಲಕ್ಷಣಗಳು ಪೂರ್ತಿಯಾಗಿ ಮಾಯವಾಗುವುದಿಲ್ಲ. ಆದ್ದರಿಂದ ಚೇತರಿಕೆಯನ್ನು ದೀರ್ಘಕಾಲದ ಅಭ್ಯಾಸವೆಂದು ಪರಿಗಣಿಸಲಾಗುತ್ತದೆ.

ನೆನಪಿನ ವಸ್ತುಗಳನ್ನು ಬಿಡುವ ಕ್ರಮ

ಮೊದಲಿಗೆ ಸುಲಭವಾದವುಗಳನ್ನು ಕೈಗೆತ್ತಿಕೊಂಡು ನೆನಪಿನ ವಸ್ತುಗಳನ್ನು ಕೊನೆಗೆ ಉಳಿಸಿಕೊಳ್ಳುವುದು ವಾಡಿಕೆ. ಹಳೆಯ ಪತ್ರಿಕೆ, ಖಾಲಿ ಡಬ್ಬಿ, ಅವಧಿ ಮೀರಿದ ಔಷಧಗಳ ಮೇಲೆ ತೀರ್ಮಾನದ ಅಭ್ಯಾಸವಾದ ಬಳಿಕವೇ ತಾಯಿಯ ಸೀರೆಯ ಪೆಟ್ಟಿಗೆಯನ್ನು ತೆರೆಯುವುದು ಒಳ್ಳೆಯದು. ಬೆಂಕಿ ಹೊತ್ತಬಹುದಾದ ಅಥವಾ ದಾರಿಗೆ ಅಡ್ಡವಾದ ರಾಶಿಗಳು ಮಾತ್ರ ಈ ನಿಯಮಕ್ಕೆ ಹೊರತು. ಅವುಗಳನ್ನು ಮೊದಲೇ ಸರಿಸಬೇಕು.

ಚಿಕಿತ್ಸಕರು ಬಿಡುವುದನ್ನು ಒಂದು ಪ್ರಯೋಗದಂತೆ ಮಾಡಿಸುತ್ತಾರೆ. ಒಂದು ವಸ್ತುವನ್ನು ಬಿಡುವ ಮುನ್ನ ಆಗುವ ಸಂಕಟಕ್ಕೆ 0ಯಿಂದ 100ರವರೆಗೆ ಅಂಕ ಕೊಡಿಸಿ, ಏನಾಗಬಹುದೆಂಬ ಭಯವನ್ನು ಬರೆಸುತ್ತಾರೆ. ಬಿಟ್ಟ ನಂತರ, ಕೆಲವು ದಿನಗಳ ಮೇಲೆ ಮತ್ತೆ ಅಂಕ ಕೊಡಿಸುತ್ತಾರೆ. ಸಂಕಟ ತಾನಾಗಿಯೇ ಇಳಿಯುತ್ತದೆ, ನೆನಪು ಉಳಿದೇ ಇರುತ್ತದೆ ಎಂಬುದು ಅನುಭವದಿಂದ ಮನದಟ್ಟಾಗುತ್ತದೆ.

ಸಂಗ್ರಹದಿಂದ ಪ್ರತಿನಿಧಿಯಾಗಿ ಕೆಲವನ್ನು ಮಾತ್ರ ಉಳಿಸಿಕೊಳ್ಳುವುದು ಇನ್ನೊಂದು ವಿಧಾನ. ನೂರು ಗೊಂಬೆಗಳಲ್ಲಿ ಅತ್ಯಂತ ಪ್ರಿಯವಾದ ಐದನ್ನು ಆರಿಸಿ, ಕಾಣುವಂತೆ ಗಾಜಿನ ಕಪಾಟಿನಲ್ಲಿ ಇಡಬಹುದು. ರಾಶಿಯ ಅಡಿಯಲ್ಲಿ ಹೂತಿದ್ದ ವಸ್ತುವಿಗೆ ಇದರಿಂದ ಗೌರವದ ಜಾಗ ದೊರೆಯುತ್ತದೆ.

ವಸ್ತುವಿನ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು ಅಥವಾ ಅದರ ಕಥೆಯನ್ನು ಬರೆದಿಡುವುದೂ ನೆರವಾಗಬಹುದು. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ನೆನಪಿನ ವಸ್ತುಗಳ ಚಿತ್ರ ತೆಗೆದಿಟ್ಟುಕೊಂಡು ದಾನ ಮಾಡಿರೆಂದು ಸೂಚಿಸಲಾದ ವಿದ್ಯಾರ್ಥಿನಿಲಯಗಳಲ್ಲಿ ದಾನದ ಪ್ರಮಾಣ ಹೆಚ್ಚಿತು. ಆದರೆ ಅಧ್ಯಯನದಲ್ಲಿದ್ದವರು ಸಾಮಾನ್ಯ ವಿದ್ಯಾರ್ಥಿಗಳೇ ಹೊರತು ರೋಗಿಗಳಲ್ಲ. ಗೀಳಿರುವವರಲ್ಲಿ ಚಿತ್ರಗಳೇ ಹೊಸ ರಾಶಿಯಾಗುವ ಸಾಧ್ಯತೆಯೂ ಇರುವುದರಿಂದ ಮಿತಿ ಅಗತ್ಯ.

ವಸ್ತು ಯಾರ ಕೈ ಸೇರುತ್ತದೆ ಎಂಬುದು ತಿಳಿದಿದ್ದರೆ ಬಿಡುವುದು ಹಗುರವಾಗುತ್ತದೆ. ಗುಜರಿ ಅಂಗಡಿಗೆ ಹಾಕಲು ಒಲ್ಲದ ಪುಸ್ತಕವನ್ನು ಗ್ರಂಥಾಲಯಕ್ಕೆ, ನಾಣ್ಯಗಳನ್ನು ಆಸಕ್ತಿಯುಳ್ಳ ಬಾಲಕನಿಗೆ ಕೊಡಲು ಮನಸ್ಸು ಒಪ್ಪಬಹುದು. ವಸ್ತುವಿನ ರೂಪವನ್ನು ಬದಲಿಸಿಯೂ ಉಳಿಸಿಕೊಳ್ಳಬಹುದು. ಉತ್ತರ ಕರ್ನಾಟಕದಲ್ಲಿ ಹಳೆಯ ಸೀರೆ, ಧೋತರಗಳನ್ನು ಸೇರಿಸಿ ಕೌದಿ ಹೊಲಿಯುವ ರೂಢಿಯಿದೆ. ಒಂದು ಟ್ರಂಕಿನ ತುಂಬ ಇದ್ದ ಬಟ್ಟೆಯಿಂದ ಆಯ್ದ ತುಂಡುಗಳು ನಿತ್ಯ ಹೊದೆಯುವ ಒಂದೇ ಹೊದಿಕೆಯಾಗುತ್ತವೆ.

ಬಲವಂತದ ತೆರವಿನ ಅಪಾಯ

ವ್ಯಕ್ತಿ ಇಲ್ಲದ ಸಮಯ ನೋಡಿ ಮನೆಯವರು ಎಲ್ಲವನ್ನೂ ಎಸೆದುಬಿಡುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಮನೆ ಶುಭ್ರವಾದರೂ ತೀರ್ಮಾನಿಸುವ ಕಷ್ಟ ಹಾಗೆಯೇ ಉಳಿಯುವುದರಿಂದ ಜಾಗ ಮತ್ತೆ ತುಂಬಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ನಷ್ಟ ನಂಬಿಕೆಯದು. ತೀರಿಕೊಂಡ ಮಗನ ಚಪ್ಪಲಿಯನ್ನು ಕೇಳದೆ ಎಸೆದವರೊಡನೆ ಆ ತಾಯಿ ಮುಂದೆ ಸಹಕರಿಸುವುದು ಕಷ್ಟ. ಅಗ್ನಿ ಅನಾಹುತದಂತಹ ತುರ್ತು ಭಯವಿದ್ದಾಗಲೂ ಸಾಧ್ಯವಾದಷ್ಟು ವ್ಯಕ್ತಿಯ ಎದುರಿನಲ್ಲಿಯೇ, ಅವರ ಒಪ್ಪಿಗೆ ಪಡೆದು ತೆರವುಗೊಳಿಸಬೇಕೆಂಬುದು ತಜ್ಞರ ಅಭಿಮತ.

ಮನೆಯವರ ಪಾತ್ರ

'ಕಸ', 'ಗುಜರಿ' ಮುಂತಾದ ಮಾತುಗಳನ್ನು ಬಿಟ್ಟು, ವ್ಯಕ್ತಿ ಬಳಸುವ ಪದಗಳನ್ನೇ ಬಳಸುವುದು ಸೂಕ್ತ. ಅನುಮತಿಯಿಲ್ಲದೆ ವಸ್ತುಗಳನ್ನು ಮುಟ್ಟಬಾರದು. ಅವರ ಪರವಾಗಿ ತೀರ್ಮಾನಿಸಲೂ ಬಾರದು. 'ಇದನ್ನು ಯಾರು ಕೊಟ್ಟರು?' ಎಂದು ಕೇಳಿ, ಹೇಳುವ ಕಥೆಯನ್ನು ಪೂರ್ತಿಯಾಗಿ ಆಲಿಸಿದರೆ ಎಷ್ಟೋ ಸಲ ವಸ್ತುವಿನ ಮೇಲಿನ ಹಿಡಿತ ಸಡಿಲವಾಗುತ್ತದೆ. ಇಡೀ ಕೋಣೆಗಿಂತ ಒಂದು ಮೇಜು ಅಥವಾ ಒಂದು ಪೆಟ್ಟಿಗೆಯನ್ನು ಗುರಿಯಾಗಿಟ್ಟುಕೊಂಡು, ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಕೆಲಸ ಮಾಡುವುದರಿಂದ ಆಯಾಸವೂ ಜಗಳವೂ ಕಡಿಮೆಯಾಗುತ್ತವೆ.

ಕರ್ನಾಟಕದಲ್ಲಿ ನೆರವು

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಗೀಳು ರೋಗಕ್ಕಾಗಿ ವಿಶೇಷ ಕ್ಲಿನಿಕ್ ಇದೆ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416; ಇದರಲ್ಲಿ ಕನ್ನಡದಲ್ಲಿಯೂ ಉಚಿತವಾಗಿ ಸಲಹೆ ಪಡೆಯಬಹುದು.